ಆಲ್ಪ್ಸ್‌ನ ಪಾಸ್‌ಗಳನ್ನು ನಡೆದು, ಸೈಕಲ್ ತುಳಿದು ದಾಟುವುದು ಹೇಗೆ: ಆಂಡರ್ಮಾಟ್‌ನಿಂದ ಒಂದು ಸಮಗ್ರ ಮಾರ್ಗದರ್ಶಿ

ಆಲ್ಪ್ಸ್‌ಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಶಿಖರ ನೋಡಲು ಹೋಗುತ್ತಾರೆ. ಕೇಬಲ್ ಕಾರ್ ಹತ್ತುತ್ತಾರೆ, ಹಿಮದಲ್ಲಿ ಫೋಟೋ ತೆಗೆಯುತ್ತಾರೆ, ಅದೇ ದಾರಿಯಲ್ಲಿ ಇಳಿಯುತ್ತಾರೆ. ಅದೂ ಚೆನ್ನಾಗಿಯೇ ಇರುತ್ತದೆ. ಆದರೆ ಆ ಬೆಟ್ಟಗಳ ನಡುವೆ ಜನ ಹೇಗೆ ಓಡಾಡಿದರು, ಹೇಗೆ ಬದುಕಿದರು ಅಂತ ತಿಳಿಯಬೇಕಾದರೆ ಪಾಸ್‌ಗಳಿಗೆ ಹೋಗಬೇಕು. ಎರಡು ಕಣಿವೆಗಳ ನಡುವೆ ಬೆಟ್ಟಸಾಲು ತಗ್ಗಿದ ಜಾಗವೇ ಪಾಸ್. ಉಪ್ಪು, ಚೀಸ್, ವೈನ್, ಅಂಚೆ, ಸೈನ್ಯ, ಯಾತ್ರಿಕರು ಎಲ್ಲರೂ ದಾಟಿದ್ದು ಅಲ್ಲಿಂದಲೇ.

ಹಾಗಾಗಿ ನನ್ನ ಮುಖ್ಯ ಸಲಹೆ ಇದು: ಪಾಸ್ ಹತ್ತಿ ವಾಪಸ್ ಬರಬೇಡಿ. ದಾಟಿ ಆಚೆ ಕಡೆ ಇಳಿಯಿರಿ. ಆಚೆ ಕಡೆಯ ಹವೆ ಬೇರೆ, ಮನೆಗಳ ಕಲ್ಲು ಬೇರೆ, ಎಷ್ಟೋ ಸಲ ಮಾತೇ ಬೇರೆ. ಮರಳಿ ಬರಲು ರೈಲು, ಬಸ್ಸು ಇದ್ದೇ ಇವೆ. ಸ್ವಿಟ್ಜರ್ಲೆಂಡ್‌ನಲ್ಲಿ ಇದು ಬಹಳ ಸುಲಭ. ಕೆಳಗಿನ ಇಡೀ ಯೋಜನೆ ಈ ಮಾತಿನ ಮೇಲೇ ನಿಂತಿದೆ.

ಹೆಜ್ಜೆ 1: ಒಂದೇ ಊರಲ್ಲಿ ಬೀಡು ಬಿಡಿ

ಆಲ್ಪ್ಸ್ ಫ್ರಾನ್ಸ್‌ನಿಂದ ಸ್ಲೊವೇನಿಯಾವರೆಗೆ ಹಬ್ಬಿದೆ. ಪ್ರಸಿದ್ಧ ಪಾಸ್‌ಗಳ ಪಟ್ಟಿ ಹಿಡಿದು ದಿನಕ್ಕೊಂದು ಊರು ಬದಲಿಸಿದರೆ ಪ್ರವಾಸವೆಲ್ಲ ಸಾಮಾನು ಕಟ್ಟುವುದರಲ್ಲೇ ಕಳೆಯುತ್ತದೆ. ಮೊದಲ ಸಲಕ್ಕೆ ಸ್ವಿಟ್ಜರ್ಲೆಂಡ್‌ನ ಮಧ್ಯದಲ್ಲಿರುವ ಆಂಡರ್ಮಾಟ್ ಆರಿಸಿಕೊಳ್ಳಿ. ಸುಮಾರು 1440 ಮೀಟರ್ ಎತ್ತರದಲ್ಲಿರುವ ಹಳ್ಳಿ ಅದು. ಜ್ಯೂರಿಕ್‌ನಿಂದ ಗೊಶೆನೆನ್‌ವರೆಗೆ ಒಂದು ರೈಲು, ಅಲ್ಲಿಂದ ಹಲ್ಲುಗಾಲಿಯ ಪುಟ್ಟ ರೈಲು. ಎಲ್ಲ ಸೇರಿ ಎರಡು ಗಂಟೆಯ ಆಸುಪಾಸು.

ಆಂಡರ್ಮಾಟ್‌ನಿಂದ ಪೂರ್ವಕ್ಕೆ ಒಬರಾಲ್ಪ್ ಪಾಸ್ (2044 ಮೀ.), ದಕ್ಷಿಣಕ್ಕೆ ಗೊಥಾರ್ಡ್ (2106 ಮೀ.), ಪಶ್ಚಿಮಕ್ಕೆ ಫುರ್ಕಾ (2429 ಮೀ.). ಇವು ಮನೆ ಬಾಗಿಲಿನಿಂದಲೇ ಶುರು. ಸ್ವಲ್ಪ ಆಚೆ ಗ್ರಿಮ್ಸೆಲ್ (2164 ಮೀ.), ಸುಸ್ಟೆನ್ (2224 ಮೀ.), ನುಫೆನೆನ್ (2478 ಮೀ.). ಇಷ್ಟು ಪಾಸ್‌ಗಳು ಇಷ್ಟು ಹತ್ತಿರದಲ್ಲಿ ಸಿಗುವ ಊರುಗಳು ಆಲ್ಪ್ಸ್‌ನಲ್ಲಿ ಕಡಿಮೆ.

ಈ ಊರನ್ನು ಆರಿಸಲು ನನಗೆ ಇನ್ನೊಂದು ಕಾರಣವೂ ಇದೆ. ಇದರ ಸುತ್ತಲಿನ ಬೆಟ್ಟಗಳಲ್ಲಿ ನಾಲ್ಕು ನದಿಗಳು ಹುಟ್ಟುತ್ತವೆ. ರೈನ್ ಮತ್ತು ರೊಯ್ಸ್ ನೀರು ಉತ್ತರ ಸಮುದ್ರಕ್ಕೆ, ರೋನ್ ಮೆಡಿಟರೇನಿಯನ್‌ಗೆ, ಟಿಚಿನೋ ಪೋ ನದಿಯನ್ನು ಸೇರಿ ಏಡ್ರಿಯಾಟಿಕ್‌ಗೆ. ನಮ್ಮ ಗಂಗಾಮೂಲದಲ್ಲಿ ತುಂಗಾ, ಭದ್ರಾ ಪೂರ್ವಕ್ಕೆ ಹೊರಟರೆ ನೇತ್ರಾವತಿ ಪಶ್ಚಿಮಕ್ಕೆ ಇಳಿಯುತ್ತದಲ್ವಾ, ಹಾಗೆಯೇ. ಇಲ್ಲಿ ಪ್ರತಿ ಪಾಸ್ ದಾಟಿದಾಗಲೂ ಕಾಲಡಿಯ ನೀರು ಯಾವ ಸಮುದ್ರಕ್ಕೆ ಹೊರಟಿದೆ ಅಂತ ಕೇಳಿಕೊಳ್ಳಿ. ನಕ್ಷೆ ತಾನಾಗಿ ಮನಸ್ಸಿಗೆ ಇಳಿಯುತ್ತದೆ.

ಹೆಜ್ಜೆ 2: ಸಮಯ ಆರಿಸಿ

ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಒಳ್ಳೆಯ ಕಾಲ. ಚಳಿಗಾಲದಲ್ಲಿ ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್ ರಸ್ತೆಗಳು ಹಿಮದಡಿ ಮುಚ್ಚಿರುತ್ತವೆ. ಸಾಮಾನ್ಯವಾಗಿ ಜೂನ್ ಹೊತ್ತಿಗೆ ತೆರೆಯುತ್ತವೆ. ಆದರೆ ರಸ್ತೆ ತೆರೆಯಿತು ಅಂದರೆ ಕಾಲುದಾರಿಯೂ ತೆರೆಯಿತು ಅಂತ ಅಲ್ಲ. ರಸ್ತೆಯ ಹಿಮವನ್ನು ಯಂತ್ರ ತೆಗೆಯುತ್ತದೆ, ಕಾಲುದಾರಿಯದ್ದನ್ನು ಬಿಸಿಲೇ ಕರಗಿಸಬೇಕು. ನೆರಳಿನ ಇಳಿಜಾರುಗಳಲ್ಲಿ ಜುಲೈ ಆರಂಭದವರೆಗೂ ಹಳೆಯ ಹಿಮದ ಪಟ್ಟಿಗಳು ಉಳಿದಿರುತ್ತವೆ. ಬೆಳಗ್ಗೆ ಅವು ಗಾಜಿನಷ್ಟು ಗಟ್ಟಿ. ಜಾರಿದರೆ ನಿಲ್ಲುವುದು ಕಷ್ಟ.

ಸೆಪ್ಟೆಂಬರ್ ನನಗೆ ಜಾಸ್ತಿ ಇಷ್ಟ. ಹವೆ ಜುಲೈಗಿಂತ ಸ್ಥಿರ, ಮಧ್ಯಾಹ್ನದ ಗುಡುಗು ಕಡಿಮೆ, ರಸ್ತೆಯಲ್ಲಿ ವಾಹನವೂ ಕಡಿಮೆ. ಹಗಲು ಮಾತ್ರ ಚಿಕ್ಕದಾಗಿರುತ್ತದೆ. ಬೆಳಗ್ಗೆ ಬೇಗ ಹೊರಡುವವರಿಗೆ ಅದು ತೊಂದರೆಯೇ ಅಲ್ಲ. ಯಾವ ತಿಂಗಳಾದರೂ ಸೈಕಲ್ ದಿನಗಳನ್ನು ಸೋಮವಾರದಿಂದ ಶುಕ್ರವಾರದೊಳಗೆ ಇಟ್ಟುಕೊಳ್ಳಿ. ಶನಿವಾರ, ಭಾನುವಾರ ಈ ರಸ್ತೆಗಳು ಮೋಟಾರ್‌ಸೈಕಲ್‌ಗಳಿಂದ ತುಂಬಿರುತ್ತವೆ. ಆ ದಿನಗಳನ್ನು ನಡಿಗೆಗೆ ಬಿಡಿ.

ಹೆಜ್ಜೆ 3: ಮನೆಯಲ್ಲೇ ಮಾಡುವ ತಯಾರಿ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಶೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಬೇಸಿಗೆಯ ತಿಂಗಳುಗಳಿಗೆ ಬೇಡಿಕೆ ಜಾಸ್ತಿ, ತಡ ಮಾಡಬೇಡಿ. ವೀಸಾಗೆ ಕನಿಷ್ಠ 30,000 ಯೂರೋ ರಕ್ಷಣೆಯ ವಿಮೆ ಕಡ್ಡಾಯ. ಇಲ್ಲಿ ಒಂದು ವಿಷಯಕ್ಕೆ ಗಮನ ಕೊಡಿ. ಎಷ್ಟೋ ಪ್ರಯಾಣ ವಿಮೆಗಳು ಬೆಟ್ಟದ ಚಾರಣವನ್ನು, ಹೆಲಿಕಾಪ್ಟರ್ ರಕ್ಷಣೆಯನ್ನು ಹೊರಗಿಡುತ್ತವೆ. ಸಣ್ಣ ಅಕ್ಷರದ ಪುಟಗಳನ್ನು ಓದಿ, ಈ ಎರಡೂ ಸೇರಿವೆಯಾ ಅಂತ ಖಚಿತಪಡಿಸಿಕೊಂಡೇ ದುಡ್ಡು ಕಟ್ಟಿ. ಜರ್ಮನಿಯಲ್ಲೋ ಸ್ವಿಟ್ಜರ್ಲೆಂಡ್‌ನಲ್ಲೋ ಕೆಲಸಕ್ಕಿರುವವರಿಗೆ ವೀಸಾದ ಚಿಂತೆ ಇಲ್ಲ. ಅವರೂ ರಕ್ಷಣಾ ವೆಚ್ಚದ ವಿಷಯ ನೋಡಿಕೊಳ್ಳಬೇಕು.

ದೇಹದ ತಯಾರಿಗೆ ಕರ್ನಾಟಕದಲ್ಲಿ ಜಾಗದ ಕೊರತೆ ಇಲ್ಲ. ನಡಿಗೆಗೆ ಕುಮಾರ ಪರ್ವತಕ್ಕಿಂತ ಒಳ್ಳೆಯ ಪರೀಕ್ಷೆ ಬೇಡ. ಕುಕ್ಕೆ ಕಡೆಯಿಂದ ತುದಿಯವರೆಗಿನ ಏರು ಆಂಡರ್ಮಾಟ್‌ನಿಂದ ಗೊಥಾರ್ಡ್‌ಗೆ ಇರುವ ಏರಿನ ಎರಡರಷ್ಟಕ್ಕೂ ಹೆಚ್ಚು. ಅದನ್ನು ಹತ್ತಿ ಇಳಿದ ಮರುದಿನವೂ ಆರಾಮಾಗಿ ನಡೆಯಬಲ್ಲಿರಾದರೆ ಇಲ್ಲಿನ ದಾರಿಗಳಿಗೆ ನೀವು ಸಿದ್ಧ. ಸೈಕಲ್‌ಗೆ ನಂದಿ ಬೆಟ್ಟ. ಒಂದೇ ಬೆಳಗ್ಗೆ ಎರಡು ಸಲ ಹತ್ತಿ. ಎಷ್ಟು ವೇಗವಾಗಿ ಹತ್ತಿದಿರಿ ಅನ್ನೋದನ್ನು ಬಿಡಿ. ಒಂದೂವರೆ ಗಂಟೆ ಒಂದೇ ಲಯದಲ್ಲಿ, ಮಾತಾಡಲು ಉಸಿರು ಉಳಿಸಿಕೊಂಡು ತುಳಿಯುವುದನ್ನು ಕಲಿಯಿರಿ. ಆಲ್ಪ್ಸ್‌ನ ಏರುಗಳು ಕಡಿದಾಗಿರುವುದಕ್ಕಿಂತ ಉದ್ದವಾಗಿರುತ್ತವೆ. ಕಷ್ಟ ಇರುವುದು ಆ ಉದ್ದದಲ್ಲೇ.

ಬಟ್ಟೆ ಪದರ ಪದರವಾಗಿರಲಿ. ಒಳಗೆ ಬೆವರು ಬೇಗ ಆರುವ ಅಂಗಿ, ಮೇಲೆ ತೆಳು ಉಣ್ಣೆ ಅಥವಾ ಫ್ಲೀಸ್, ಅದರ ಮೇಲೆ ನಿಜವಾಗಿ ನೀರು ತಡೆಯುವ ಜಾಕೆಟ್. ಹತ್ತಿಯ ಜೀನ್ಸ್ ಬೇಡವೇ ಬೇಡ. ಒದ್ದೆಯಾದರೆ ದಿನವಿಡೀ ಆರುವುದಿಲ್ಲ. ಟೋಪಿ, ಕೈಗವಸು ಆಗಸ್ಟ್‌ನಲ್ಲೂ ಬೇಕು. 2400 ಮೀಟರ್‌ನಲ್ಲಿ ಬೇಸಿಗೆಯಲ್ಲೂ ಹಿಮ ಬೀಳುವುದುಂಟು. ಬೂಟು ಹೊಸದಾದರೆ ಊರಲ್ಲೇ ಕೆಲವು ವಾರ ಹಾಕಿ ಪಳಗಿಸಿ.

ಹೆಜ್ಜೆ 4: ಫಲಕಗಳನ್ನು ಓದಲು ಕಲಿಯಿರಿ

ಸ್ವಿಟ್ಜರ್ಲೆಂಡ್‌ನಲ್ಲಿ ಗುರುತು ಹಾಕಿದ ಕಾಲುದಾರಿಗಳು ಸುಮಾರು 65,000 ಕಿ.ಮೀ. ಇವೆ. ಗುರುತುಗಳಲ್ಲಿ ಮೂರು ಬಗೆ. ಬರೀ ಹಳದಿ ಇದ್ದರೆ ಯಾರು ಬೇಕಾದರೂ ನಡೆಯಬಹುದಾದ ದಾರಿ. ಬಿಳಿ-ಕೆಂಪು-ಬಿಳಿ ಪಟ್ಟಿ ಇದ್ದರೆ ಬೆಟ್ಟದ ದಾರಿ. ಅದಕ್ಕೆ ಒಳ್ಳೆಯ ಬೂಟು, ಎತ್ತರದ ಭಯ ಇಲ್ಲದಿರುವುದು, ಹುಷಾರಾದ ಹೆಜ್ಜೆ ಬೇಕು. ಬಿಳಿ-ನೀಲಿ-ಬಿಳಿ ಇದ್ದರೆ ಆಲ್ಪೈನ್ ದಾರಿ. ಅಲ್ಲಿ ಬಂಡೆ ಹತ್ತುವುದು, ಹಿಮನದಿ ದಾಟುವುದು ಎಲ್ಲ ಬರಬಹುದು. ಈ ಲೇಖನದ ದಾರಿಗಳೆಲ್ಲ ಮೊದಲ ಎರಡು ಬಗೆಯವು. ನೀಲಿ ಕಂಡರೆ ಅನುಭವಸ್ಥರು ಜೊತೆಗಿಲ್ಲದೆ ಮುಂದೆ ಹೋಗಬೇಡಿ.

ಹಳದಿ ಫಲಕಗಳು ದೂರ ಹೇಳುವುದಿಲ್ಲ, ಸಮಯ ಹೇಳುತ್ತವೆ. "ಗೊಥಾರ್ಡ್ ಪಾಸ್, ಇಷ್ಟು ಗಂಟೆ, ಇಷ್ಟು ನಿಮಿಷ" ಅಂತ. ಅದರಲ್ಲಿ ಕೂತು ತಿನ್ನುವ, ಫೋಟೋ ತೆಗೆಯುವ ಹೊತ್ತು ಸೇರಿಲ್ಲ. ಮೊದಲ ದಿನವೇ ಒಂದು ಕೆಲಸ ಮಾಡಿ. ಒಂದು ಫಲಕದಿಂದ ಇನ್ನೊಂದಕ್ಕೆ ನಿಮಗೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಟ್ಟುಕೊಳ್ಳಿ. ಫಲಕದ ಒಂದು ಗಂಟೆ ನಿಮಗೆ ಒಂದೂಕಾಲು ಗಂಟೆಯಾದರೆ ಮುಂದಿನ ಎಲ್ಲ ದಿನಗಳಿಗೂ ಅದೇ ಲೆಕ್ಕ. ಕೊನೆಯ ಬಸ್ಸು ತಪ್ಪದಿರಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಸೈಕಲ್ ದಾರಿಗಳಿಗೆ ಕೆಂಪು ಫಲಕ. ರಾಷ್ಟ್ರೀಯ ಮಾರ್ಗ 1 ರೋನ್ ನದಿಯ ಜೊತೆಗೆ, ಮಾರ್ಗ 2 ರೈನ್ ಜೊತೆಗೆ ಸಾಗುತ್ತದೆ. ಎರಡೂ ಶುರುವಾಗುವುದು ಆಂಡರ್ಮಾಟ್‌ನಲ್ಲೇ. ಫೋನಿಗೆ ಸ್ವಿಸ್‌ಟೋಪೋ ಆ್ಯಪ್ ಹಾಕಿ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಕಣಿವೆಗಳ ಒಳಗೆ ಸಿಗ್ನಲ್ ಹೋಗುತ್ತದೆ. ಹವೆಗೆ ಮೀಟಿಯೋಸ್ವಿಸ್ ಆ್ಯಪ್. ಬೇರೆ ಆ್ಯಪ್‌ಗಳು ತೋರಿಸುವ ಊರಿನ ಹವೆ ಪಾಸ್‌ನ ಹವೆ ಅಲ್ಲ.

ಹೆಜ್ಜೆ 5: ಮೊದಲ ದಿನ ಒಬರಾಲ್ಪ್, ರೈನ್ ಹುಟ್ಟುವ ಕೆರೆ

ಒಬರಾಲ್ಪ್ ಪಾಸ್‌ನವರೆಗೆ ರೈಲೇ ಹೋಗುತ್ತದೆ. ಪ್ರಯಾಣದ ಆಯಾಸ ಇನ್ನೂ ಇರುವ ಮೊದಲ ದಿನಕ್ಕೆ ಇದು ಸರಿಯಾದ ಜಾಗ. ಇಳಿದ ಕೂಡಲೇ ಒಂದು ಕೆಂಪು ದೀಪಸ್ತಂಭ ಕಾಣುತ್ತದೆ. ಬೆಟ್ಟದ ಮೇಲೆ ದೀಪಸ್ತಂಭ ಯಾಕೆ? ರೈನ್ ಸಮುದ್ರ ಸೇರುವ ಹಾಲೆಂಡ್ ಕರಾವಳಿಯ ದೀಪಸ್ತಂಭದ ಚಿಕ್ಕ ಪ್ರತಿ ಅದು. ನದಿಯ ಬಾಯಿಯ ಗುರುತನ್ನು ತಂದು ಬುಡದಲ್ಲಿ ನಿಲ್ಲಿಸಿದ್ದಾರೆ.

ಅಲ್ಲಿಂದ ಬಿಳಿ-ಕೆಂಪು-ಬಿಳಿ ದಾರಿ ಹಿಡಿದರೆ ಎರಡು ಗಂಟೆಯೊಳಗೆ ಟೋಮಾ ಕೆರೆ, 2345 ಮೀ. ಏರು 300 ಮೀಟರ್ ಅಷ್ಟೇ. 1200 ಕಿ.ಮೀ. ಮೀರಿ ಹರಿಯುವ ನದಿಯ ಮೊದಲ ನೀರನ್ನು ಕೈಯಲ್ಲಿ ಮುಟ್ಟಬಹುದು. ಈ ಎತ್ತರದಲ್ಲಿ ಗಂಭೀರ ಎತ್ತರದ ಕಾಯಿಲೆ ಅಪರೂಪ. ಆದರೂ ಉಸಿರು ಸ್ವಲ್ಪ ಬೇಗ ಕಟ್ಟುತ್ತದೆ, ತಲೆ ಭಾರವೆನಿಸಬಹುದು. ನೀರು ಜಾಸ್ತಿ ಕುಡಿಯಿರಿ, ನಿಧಾನವಾಗಿ ನಡೆಯಿರಿ. ಸಂಜೆ ರೈಲು ಹಿಡಿಯುವ ಆತುರವಿಲ್ಲದವರು ಪಾಸ್‌ನಿಂದ ಆಂಡರ್ಮಾಟ್‌ಗೆ ನಡೆದೇ ಇಳಿಯಬಹುದು.

ಹೆಜ್ಜೆ 6: ಗೊಥಾರ್ಡ್ ನಡಿಗೆ

ಒಂದೇ ಒಂದು ಪಾಸ್ ನಡೆಯುವಷ್ಟು ಸಮಯ ಇದ್ದರೆ ಇದನ್ನೇ ನಡೆಯಿರಿ. ಬೇರೆ ಪಾಸ್‌ಗಳು ಇದಕ್ಕಿಂತ ಎತ್ತರ ಇವೆ, ಇದಕ್ಕಿಂತ ಚಂದವೂ ಇವೆ. ಆದರೆ ಇಷ್ಟು ಕಾಲದ ದಾರಿಗಳು ಒಂದರ ಪಕ್ಕ ಒಂದು ಕಾಣುವ ಜಾಗ ನನಗೆ ಗೊತ್ತಿರುವಂತೆ ಇನ್ನೊಂದಿಲ್ಲ.

ಶುರುವನ್ನು ಆಂಡರ್ಮಾಟ್‌ಗಿಂತ ಕೆಳಗೆ, ಗೊಶೆನೆನ್‌ನಿಂದ ಮಾಡಿ. ಹಿಂದಿನ ದಿನದ ಅರ್ಧ ಹೊತ್ತು ಇದಕ್ಕೆ ಸಾಕು. ಗೊಶೆನೆನ್ ಮತ್ತು ಆಂಡರ್ಮಾಟ್ ನಡುವೆ ಶೊಲ್ಲೆನೆನ್ ಎಂಬ ಕಮರಿ ಇದೆ. ಎರಡೂ ಕಡೆ ಗ್ರಾನೈಟ್ ಗೋಡೆ, ನಡುವೆ ರೊಯ್ಸ್ ನದಿಯ ಭೋರ್ಗರೆತ. 13ನೇ ಶತಮಾನದವರೆಗೆ ಗೊಥಾರ್ಡ್ ದೊಡ್ಡ ದಾರಿ ಆಗದೇ ಇದ್ದದ್ದು ಈ ಕಮರಿಯಿಂದಾಗಿ. ಪಾಸ್ ಸುಲಭವಾಗಿಯೇ ಇತ್ತು, ಅಲ್ಲಿಗೆ ತಲುಪುವುದು ಸುಲಭವಿರಲಿಲ್ಲ. ಕಮರಿಗೆ ಸೇತುವೆ ಬಿದ್ದ ಮೇಲೆ ಉತ್ತರ ಯುರೋಪಿನಿಂದ ಇಟಲಿಗೆ ಹತ್ತಿರದ ದಾರಿ ತೆರೆಯಿತು.

ಅದೇ ಪಿಶಾಚಿ ಸೇತುವೆ. ಕಟ್ಟಲಾಗದೆ ಸೋತ ಊರಿನವರು ಪಿಶಾಚಿಯ ಸಹಾಯ ಕೇಳಿದರಂತೆ. ಮೊದಲು ದಾಟುವ ಜೀವ ನನಗೆ ಅಂತ ಅದು ಷರತ್ತು ಹಾಕಿತಂತೆ. ಊರಿನವರು ಒಂದು ಮೇಕೆಯನ್ನು ದಾಟಿಸಿಬಿಟ್ಟರು. ಸಿಟ್ಟಾದ ಪಿಶಾಚಿ ಸೇತುವೆ ಒಡೆಯಲು ದೊಡ್ಡ ಬಂಡೆ ಹೊತ್ತು ತಂದಿತು. ಒಬ್ಬ ಮುದುಕಿ ಅದರ ಮೇಲೆ ಶಿಲುಬೆ ಗುರುತು ಹಾಕಿದಳು, ಬಂಡೆ ಅಲ್ಲೇ ಉಳಿಯಿತು. ಆ ಬಂಡೆ ಇವತ್ತಿಗೂ ಗೊಶೆನೆನ್ ಹತ್ತಿರ ಇದೆ. 1970ರ ದಶಕದಲ್ಲಿ ಹೆದ್ದಾರಿಗೆ ಅಡ್ಡ ಬಂದಾಗ ಒಡೆದು ಹಾಕದೆ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಇಟ್ಟರು. ಈಗ ಇರುವ ಕಲ್ಲಿನ ಸೇತುವೆ 1830ರದ್ದು. 1595ರ ಸೇತುವೆ 1888ರಲ್ಲಿ ಕುಸಿಯಿತು. ಮೇಲಿನ ರಸ್ತೆ ಸೇತುವೆ 1958ರದ್ದು. 1799ರಲ್ಲಿ ರಷ್ಯಾದ ಸೇನಾಪತಿ ಸುವೊರೊವ್ ಗೊಥಾರ್ಡ್ ದಾಟಿ ಬಂದು ಫ್ರೆಂಚರ ಜೊತೆ ಕಾದಾಡಿದ್ದು ಇಲ್ಲೇ. ಅಲ್ಲಿ ಸತ್ತವರಿಗಾಗಿ ಬಂಡೆಯಲ್ಲಿ ಕೊರೆದ ಸ್ಮಾರಕ ಇದೆ.

ಮರುದಿನ ಬೆಳಗ್ಗೆ 7ರೊಳಗೆ ಆಂಡರ್ಮಾಟ್ ಬಿಡಿ. ಸಮತಟ್ಟಿನ ಹುಲ್ಲುಗಾವಲಲ್ಲಿ ಮುಕ್ಕಾಲು ಗಂಟೆ ನಡೆದರೆ ಹೊಸ್ಪೆಂಟಾಲ್. ಊರ ಮೇಲೆ ಮಧ್ಯಯುಗದ ಒಂದು ಕಲ್ಲಿನ ಗೋಪುರ. ದಾರಿ ಕವಲೊಡೆಯುವಲ್ಲಿ ಸೇಂಟ್ ಕಾರ್ಲ್ ಎಂಬ ಪುಟ್ಟ ಪ್ರಾರ್ಥನಾ ಮಂದಿರ. ಅದರ ಗೋಡೆಯ ಸಾಲುಗಳು ದಾರಿಹೋಕನನ್ನು ಎಲ್ಲಿಗೆ ಹೊರಟೆ ಅಂತ ಕೇಳುತ್ತವೆ. ರೋಮ್‌ಗೋ, ರೈನ್ ದಂಡೆಯ ಕಲೋನ್‌ಗೋ, ಪಶ್ಚಿಮದ ಫ್ರಾನ್ಸ್ ಕಡೆಗೋ. ಇವತ್ತಿಗೂ ಅಲ್ಲಿ ನಿಂತರೆ ಉತ್ತರ ಹೇಳಲೇಬೇಕು. ಫುರ್ಕಾ ರಸ್ತೆ ಬಲಕ್ಕೆ, ಗೊಥಾರ್ಡ್ ಎಡಕ್ಕೆ.

ಹೊಸ್ಪೆಂಟಾಲ್‌ನಿಂದ ಪಾಸ್‌ಗೆ ಸುಮಾರು 3 ಗಂಟೆ. ಹೇಸರಗತ್ತೆಗಳ ಹಳೆಯ ಕಲ್ಲುದಾರಿ ಕೆಲವೆಡೆ ಹಾಗೇ ಉಳಿದಿದೆ. ಕಲ್ಲುಗಳು ಗೊರಸಿಗೆ ಸವೆದು ನುಣುಪಾಗಿವೆ, ಒದ್ದೆಯಿದ್ದರೆ ಜಾರುತ್ತವೆ. ಪಕ್ಕದಲ್ಲಿ ಕುದುರೆ ಗಾಡಿ ಕಾಲದ ರಸ್ತೆ, ಅದರಾಚೆ ಕಾರುಗಳ ರಸ್ತೆ. ನಿಮ್ಮ ಕಾಲಡಿಯ ಬೆಟ್ಟದೊಳಗೆ 1882ರ ರೈಲು ಸುರಂಗ (15 ಕಿ.ಮೀ.), 1980ರ ರಸ್ತೆ ಸುರಂಗ (17 ಕಿ.ಮೀ. ಹತ್ತಿರ). ಇಲ್ಲಿಂದ ಪೂರ್ವಕ್ಕೆ, ಇನ್ನೂ ಆಳದಲ್ಲಿ 2016ರಲ್ಲಿ ತೆರೆದ 57 ಕಿ.ಮೀ. ಉದ್ದದ ಸುರಂಗ. ಸರಕೆಲ್ಲ ಈಗ ಕೆಳಗೇ ಹೋಗುತ್ತದೆ. ಹಾಗಾಗಿಯೇ ಮೇಲಿನ ದಾರಿ ನಡೆಯುವವರಿಗೆ ಉಳಿದಿದೆ.

ಪಾಸ್‌ನ ಮೇಲೆ ಕೆರೆಗಳು, ಹಳೆಯ ಧರ್ಮಶಾಲೆ, ಗೊಥಾರ್ಡ್ ಮ್ಯೂಸಿಯಂ. ಧರ್ಮಶಾಲೆಯಲ್ಲಿ ತಂಗುವ ವ್ಯವಸ್ಥೆ ಇದೆ, ಮೊದಲೇ ಕಾಯ್ದಿರಿಸಿ. ನಡಿಗೆಗೆ ಹೊಸಬರಾದವರು ಇಲ್ಲಿ ರಾತ್ರಿ ಕಳೆದು ಮರುದಿನ ಇಳಿಯುವುದು ಒಳ್ಳೆಯದು. ದಕ್ಷಿಣಕ್ಕೆ ಐರೋಲೊಗೆ (1175 ಮೀ.) 900 ಮೀಟರ್‌ಗೂ ಹೆಚ್ಚು ಇಳಿತ. ಮೊಣಕಾಲಿಗೆ ಕೆಲಸ ಕೊಡುವುದು ಈ ಇಳಿತವೇ. ಎರಡು ಚಾರಣ ಕೋಲು ಇದ್ದರೆ ಭಾರ ಎಷ್ಟೋ ಹಗುರ. ಬೆಳಗ್ಗೆ ಜರ್ಮನ್‌ನಲ್ಲಿ "ಗ್ರುಯೆಟ್ಸಿ" ಅಂತ ನಮಸ್ಕರಿಸಿದವರು ಸಂಜೆ ಇಟಾಲಿಯನ್‌ನಲ್ಲಿ "ಬೊನಾ ಸೇರಾ" ಅನ್ನಬೇಕಾಗುತ್ತದೆ. ದಾರಿಯಲ್ಲಿ ಎದುರಾದವರಿಗೆಲ್ಲ ಹೀಗೆ ಹೇಳುವುದು ಅಲ್ಲಿನ ರೂಢಿ, ನೀವೂ ಹೇಳಿ. ಐರೋಲೊದಿಂದ ಮರಳಲು ರೈಲು ಇದೆ. ಬೇಸಿಗೆಯಲ್ಲಿ ಪಾಸ್ ಮೇಲಿಂದಲೇ ಬರುವ ಹಳದಿ ಪೋಸ್ಟ್‌ಬಸ್ಸೂ ಇದೆ.

ಉತ್ತರದಲ್ಲಿ ಮಳೆ ಇದ್ದರೆ ದಕ್ಷಿಣದಲ್ಲಿ ಬಿಸಿಲಿರುವುದು, ಅದರ ಉಲ್ಟಾ ಆಗುವುದು ಇಲ್ಲಿ ಮಾಮೂಲು. ಮೋಡಗಳು ಬೆಟ್ಟಸಾಲಿಗೆ ತಡೆದು ಒಂದು ಕಡೆ ಸುರಿಸಿಬಿಡುತ್ತವೆ. ಇನ್ನೊಂದು ಕಡೆ ಇಳಿಯುವ ಗಾಳಿ ಒಣಗಿ ಬೆಚ್ಚಗಾಗುತ್ತದೆ. ಅದನ್ನು ಫಯೋನ್ ಅನ್ನುತ್ತಾರೆ. ಮಳೆ ನೋಡಿ ದಿನ ಕೈಬಿಡುವ ಮುಂಚೆ ಐರೋಲೊದ ಹವೆ ನೋಡಿ.

ಹೆಜ್ಜೆ 7: ಸೈಕಲ್ ಸರಿ ಮಾಡಿಕೊಳ್ಳಿ

ಸ್ವಂತ ಸೈಕಲ್ ವಿಮಾನದಲ್ಲಿ ತರಬಹುದು. ಒಂದೇ ವಾರದ ಪ್ರವಾಸಕ್ಕೆ ಬಾಡಿಗೆಯೇ ವಾಸಿ. ಕೇಳಬೇಕಾದ ಮುಖ್ಯ ಪ್ರಶ್ನೆ ಗೇರ್‌ನದ್ದು. ಮುಂದಿನ ಚಿಕ್ಕ ಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡ ಚಕ್ರಕ್ಕೆ 32 ಅಥವಾ 34 ಹಲ್ಲು ಇರಲಿ. 7-8 ಶೇಕಡಾ ಏರನ್ನು ಒಂದೂವರೆ ಗಂಟೆ ಕೂತೇ ತುಳಿಯಲು ಇಷ್ಟು ಬೇಕೇ ಬೇಕು. ಡಿಸ್ಕ್ ಬ್ರೇಕ್ ಇದ್ದರೆ ಉತ್ತಮ. ಟೈರ್ 28 ಮಿ.ಮೀ. ಅಥವಾ ಅದಕ್ಕಿಂತ ಅಗಲ. ಹಿಂದೆ ಮುಂದೆ ದೀಪ ಹಗಲಲ್ಲೂ ಬೇಕು, ಸುರಂಗಗಳು ಬರುತ್ತವೆ. ಹೆಲ್ಮೆಟ್ ಹಾಕದೆ ಇಳಿಯಬೇಡಿ.

ಇ-ಬೈಕ್ ತೆಗೆದುಕೊಳ್ಳಲು ಹಿಂಜರಿಯಬೇಡಿ. ಮನೆಯವರ ಜೊತೆ ಹೋಗುವಾಗ, ಒಬ್ಬರು ಬಲವಾದ ಸವಾರ, ಇನ್ನೊಬ್ಬರು ಅಲ್ಲ ಅಂದಾಗ, ಇಬ್ಬರೂ ಒಟ್ಟಿಗೆ ಪಾಸ್ ಮುಟ್ಟಲು ಇದೇ ದಾರಿ. 25 ಕಿ.ಮೀ. ವೇಗದವರೆಗೆ ಸಹಾಯ ಕೊಡುವ ಬಗೆಯನ್ನೇ ಕೇಳಿ. 45ರ ಬಗೆಗೆ ಪರವಾನಗಿ, ನಂಬರ್ ಪ್ಲೇಟ್ ಎಲ್ಲ ಬೇಕು. ಒಂದು ಬ್ಯಾಟರಿಯಲ್ಲಿ ಎಷ್ಟು ಮೀಟರ್ ಏರಬಹುದು ಅಂತ ಅಂಗಡಿಯವರನ್ನು ಕೇಳಿ. ಎಷ್ಟು ಕಿ.ಮೀ. ಹೋಗುತ್ತದೆ ಅನ್ನುವ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಇಳಿಯುವುದು ಏರುವುದಕ್ಕಿಂತ ಜಾಸ್ತಿ ಕೌಶಲ ಬೇಡುತ್ತದೆ. ಪಾಸ್ ಮೇಲೆ ನಿಂತಾಗಲೇ, ಬೆವರು ತಣ್ಣಗಾಗುವ ಮೊದಲೇ, ಗಾಳಿ ತಡೆಯುವ ಜಾಕೆಟ್ ಮತ್ತು ಪೂರ್ಣ ಕೈಗವಸು ಹಾಕಿ. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯಲಾಗುವುದಿಲ್ಲ. ಬ್ರೇಕನ್ನು ಉದ್ದಕ್ಕೂ ಒತ್ತಿ ಹಿಡಿಯಬೇಡಿ, ಕಾದು ಕೆಂಪಾಗುತ್ತದೆ. ತಿರುವಿಗೆ ಮುಂಚೆ ನೇರ ರಸ್ತೆಯಲ್ಲೇ ಎರಡೂ ಬ್ರೇಕ್ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಟ್ಟು, ತಿರುಗಿ. ಕಣ್ಣು ತಿರುವಿನ ಕೊನೆಯಲ್ಲಿರಲಿ. ಪೋಸ್ಟ್‌ಬಸ್ ತಿರುವಿನಲ್ಲಿ ರಸ್ತೆಯ ಪೂರ್ತಿ ಅಗಲ ತೆಗೆದುಕೊಳ್ಳುತ್ತದೆ. ಹಳದಿ ಕೊಂಬಿನ ಗುರುತಿರುವ ರಸ್ತೆಗಳಲ್ಲಿ ಅದಕ್ಕೇ ಮೊದಲ ಹಕ್ಕು. ಮೂರು ಸ್ವರದ ಹಾರ್ನ್ ಕೇಳಿದರೆ ಬದಿಗೆ ನಿಲ್ಲಿ.

ಹೆಜ್ಜೆ 8: ಫುರ್ಕಾ ಸವಾರಿ, ಮೂರು ಅಳತೆಯಲ್ಲಿ

ಆಂಡರ್ಮಾಟ್‌ನಿಂದ ರೆಆಲ್ಪ್‌ವರೆಗೆ ಹೆಚ್ಚುಕಡಿಮೆ ಸಮತಟ್ಟು, ಮೈ ಬೆಚ್ಚಗಾಗಲು ಸರಿಯಾಗಿದೆ. ರೆಆಲ್ಪ್‌ನಿಂದ (1538 ಮೀ.) ಏರು ಶುರು. ಸುಮಾರು 12 ಕಿ.ಮೀ.ನಲ್ಲಿ 890 ಮೀಟರ್. ಮೊದಲ ತಿರುವುಗಳು ಕಡಿದಾಗಿವೆ, ಅಲ್ಲಿ ಶಕ್ತಿ ಸುರಿಯಬೇಡಿ. ಆಮೇಲೆ ರಸ್ತೆ ಬೆಟ್ಟದ ಪಕ್ಕೆ ಹಿಡಿದು ಉದ್ದಕ್ಕೆ ಸಾಗುತ್ತದೆ. ರಸ್ತೆಯಂಚಿಗೆ ಕೆಲವೆಡೆ ಗಟ್ಟಿ ತಡೆ ಇಲ್ಲ, ಕೆಳಗೆ ಕಣಿವೆ.

ಎದುರು ಇಳಿಜಾರಲ್ಲಿ ಹೊಗೆ ಕಂಡರೆ ಅದು ಫುರ್ಕಾದ ಉಗಿ ರೈಲು. 1982ರಲ್ಲಿ ಕೆಳಗೆ ಸುರಂಗ ಬಂದಾಗ ಮೇಲಿನ ಹಳಿ ಅನಾಥವಾಯಿತು. ಸ್ವಯಂಸೇವಕರು ಅದನ್ನು ಮತ್ತೆ ಕಟ್ಟಿದರು. ಹಿಂದೆ ವಿಯೆಟ್ನಾಂಗೆ ಮಾರಿದ್ದ ಎಂಜಿನ್‌ಗಳನ್ನು 1990ರಲ್ಲಿ ಹುಡುಕಿ ಮರಳಿ ತಂದರು. ಒಂದು ಬಿಡುವಿನ ದಿನ ಇದ್ದರೆ ಆ ರೈಲಿನಲ್ಲಿ ಕೂರಿ.

ಪಾಸ್ ದಾಟಿ ಎರಡು ಮೂರು ಕಿ.ಮೀ. ಇಳಿದರೆ ತಿರುವಿನಲ್ಲಿ ಹಳೆಯ ಬೆಲ್ವೆಡೇರ್ ಹೋಟೆಲ್ ಕಟ್ಟಡ. ಅಲ್ಲಿ ನಿಲ್ಲಿ. ಪಕ್ಕದಲ್ಲೇ ರೋನ್ ಹಿಮನದಿಯ ತುದಿ. 19ನೇ ಶತಮಾನದ ಮಧ್ಯದಲ್ಲಿ ಈ ಹಿಮ ಕೆಳಗಿನ ಗ್ಲೆಚ್ ಬಯಲಿನವರೆಗೆ ಇಳಿದಿತ್ತು. ಈಗ ಮೇಲೆ ಬಂಡೆಯ ಅಂಚಿನಾಚೆ ಹಿಂದೆ ಸರಿದಿದೆ, ಮುಂದೆ ಕರಗಿದ ನೀರಿನ ಕೆರೆ. ಬೇಸಿಗೆಯಲ್ಲಿ ಹಿಮದ ಒಂದು ಭಾಗಕ್ಕೆ ಬಿಳಿ ಕಂಬಳಿ ಹೊದಿಸಿರುತ್ತಾರೆ, ಕರಗುವುದು ಸ್ವಲ್ಪ ನಿಧಾನವಾಗಲಿ ಅಂತ. ನೋಡಿದರೆ ಸಂಕಟವಾಗುತ್ತದೆ. ಆದರೂ ನೋಡಬೇಕು. ಹವಾಮಾನ ಬದಲಾವಣೆ ಅನ್ನೋದು ಇಲ್ಲಿ ಸುದ್ದಿಯ ಮಾತಲ್ಲ, ಅಳೆಯಬಹುದಾದ ದೂರ.

ಗ್ಲೆಚ್‌ನಲ್ಲಿ (1757 ಮೀ.) ನಿರ್ಧಾರ ಮಾಡಿ. ಸಾಕೆನಿಸಿದರೆ ಓಬರ್ವಾಲ್ಡ್‌ಗೆ ಇಳಿದು, ಸುರಂಗದ ರೈಲಿನಲ್ಲಿ ಸೈಕಲ್ ಹಾಕಿ ಆಂಡರ್ಮಾಟ್ ಸೇರಿ. ಹೊಸಬರಿಗೆ ಇದು ತುಂಬು ದಿನ. ಕಾಲಲ್ಲಿ ಕಸುವಿದ್ದರೆ ಗ್ಲೆಚ್‌ನಿಂದ ಗ್ರಿಮ್ಸೆಲ್‌ಗೆ 6 ಕಿ.ಮೀ., 400 ಮೀಟರ್ ಏರಿ ಬನ್ನಿ. ಮೇಲಿಂದ ಫುರ್ಕಾದ ತಿರುವುಗಳು ಎದುರಿಗೇ ಬಿಡಿಸಿಟ್ಟಂತೆ ಕಾಣುತ್ತವೆ.

ಮೂರನೆಯದು ಪಳಗಿದವರಿಗೆ. ಗ್ರಿಮ್ಸೆಲ್ ದಾಟಿ ಇನ್ನರ್ಟ್‌ಕಿರ್ಶೆನ್‌ಗೆ (625 ಮೀ.) ಇಳಿದು, ಸುಸ್ಟೆನ್ ಏರಿ, ವಾಸೆನ್‌ಗೆ ಇಳಿದು, ಶೊಲ್ಲೆನೆನ್ ಮೂಲಕ ಮರಳುವ ಸುತ್ತು. ಸುಮಾರು 120 ಕಿ.ಮೀ., ಒಟ್ಟು ಏರು 3,000 ಮೀಟರ್ ದಾಟುತ್ತದೆ. ಬಲಶಾಲಿಗಳು ಒಂದೇ ದಿನದಲ್ಲಿ ಮುಗಿಸುತ್ತಾರೆ. ಎರಡು ದಿನ ಮಾಡಿ ಅಂತ ನಾನು ಹೇಳುತ್ತೇನೆ. ಇನ್ನರ್ಟ್‌ಕಿರ್ಶೆನ್ ತಗ್ಗಿನ ಊರು, ಮಧ್ಯಾಹ್ನ ಸೆಕೆ. ಅಲ್ಲಿಂದ 28 ಕಿ.ಮೀ., 1600 ಮೀಟರ್ ಏರನ್ನು ದಣಿದ ಕಾಲಲ್ಲಿ ತುಳಿದರೆ ಸುಸ್ಟೆನ್‌ನ ಚಂದ ಕಣ್ಣಿಗೆ ಬೀಳುವುದೇ ಇಲ್ಲ. ಅಲ್ಲೇ ರಾತ್ರಿ ತಂಗಿ, ಬೆಳಗಿನ ತಂಪಲ್ಲಿ ಹೊರಡಿ. 1946ರಲ್ಲಿ ತೆರೆದ ಸುಸ್ಟೆನ್ ರಸ್ತೆಯನ್ನು ಮೋಟಾರು ವಾಹನಗಳಿಗೆಂದೇ ಯೋಜಿಸಿ ಕಟ್ಟಿದರು. ಹಾಗಾಗಿ ಏರು ಸಮವಾಗಿದೆ, ಒಮ್ಮೆ ಹಿಡಿದ ಲಯ ಮುರಿಯುವುದಿಲ್ಲ.

ಹೆಜ್ಜೆ 9: ಟ್ರೆಮೋಲಾ

ಇದೊಂದು ಸವಾರಿಗಾಗಿ ಸೈಕಲ್ ಬಾಡಿಗೆ ಹಿಡಿದರೂ ನಷ್ಟವಿಲ್ಲ. ಗೊಥಾರ್ಡ್‌ನ ದಕ್ಷಿಣ ಮುಖದಲ್ಲಿ ಕಲ್ಲು ಹಾಸಿದ ಹಳೆಯ ರಸ್ತೆ, 24 ತಿರುವುಗಳು ಒಂದರ ಮೇಲೊಂದು. ಪಕ್ಕದಲ್ಲಿ ಹೊಸ ರಸ್ತೆ ಇರುವುದರಿಂದ ವಾಹನ ಕಡಿಮೆ. ಆಂಡರ್ಮಾಟ್‌ನಿಂದ ಗೊಶೆನೆನ್‌ಗೆ, ಅಲ್ಲಿಂದ 1882ರ ಸುರಂಗದ ಮೂಲಕ ಐರೋಲೊಗೆ ಸೈಕಲ್ ಸಮೇತ ರೈಲಿನಲ್ಲಿ ಹೋಗಿ. ಐರೋಲೊದಿಂದ 12-13 ಕಿ.ಮೀ. ಏರಿ, ಉತ್ತರಕ್ಕೆ ಆಂಡರ್ಮಾಟ್‌ಗೆ ಇಳಿಯಿರಿ. ನಡೆದು ಇಳಿದ ಕಣಿವೆಯನ್ನೇ ಈಗ ತುಳಿದು ಏರುತ್ತೀರಿ.

ಟೈರಿನ ಗಾಳಿ ಸ್ವಲ್ಪ ಇಳಿಸಿಕೊಳ್ಳಿ, ಕೈ ಸಡಿಲ ಬಿಡಿ, ಕೂತೇ ತುಳಿಯಿರಿ. ನಿಂತರೆ ಹಿಂದಿನ ಚಕ್ರ ಕಲ್ಲ ಮೇಲೆ ಜಾರುತ್ತದೆ. ಮಳೆ ಬಂದರೆ ಈ ದಾರಿಯಲ್ಲಿ ಇಳಿಯಲೇಬೇಡಿ.

ರೈಲಿನಲ್ಲಿ ಸೈಕಲ್‌ಗೆ ಪ್ರತ್ಯೇಕ ಟಿಕೆಟ್ ಬೇಕು. ದೂರದ ಇಂಟರ್‌ಸಿಟಿ ರೈಲುಗಳಲ್ಲಿ ಬೇಸಿಗೆಯಲ್ಲಿ ಜಾಗ ಕಾಯ್ದಿರಿಸುವುದು ಕಡ್ಡಾಯ. ಕೆಲವು ದಿನಕ್ಕಿಂತ ಹೆಚ್ಚು ಇರುವವರು ಹಾಫ್-ಫೇರ್ ಕಾರ್ಡ್ ತೆಗೆದುಕೊಳ್ಳಿ. ದಾಟಿ ಮರಳುವ ಯೋಜನೆಯಲ್ಲಿ ರೈಲಿನ ಖರ್ಚೇ ದೊಡ್ಡದು, ಅದು ಅರ್ಧಕ್ಕಿಳಿಯುತ್ತದೆ.

ಹೆಜ್ಜೆ 10: ಅಪಾಯಗಳು

ಬೇಸಿಗೆಯಲ್ಲಿ ದೊಡ್ಡ ಅಪಾಯ ಮಧ್ಯಾಹ್ನದ ಸಿಡಿಲು. ಬೆಳಗ್ಗೆ ಆಕಾಶ ಶುಭ್ರವಾಗಿದ್ದರೂ 11ರ ಹೊತ್ತಿಗೆ ಹತ್ತಿಯ ಉಂಡೆಗಳಂಥ ಮೋಡ ಮೇಲಕ್ಕೆ ಬೆಳೆಯುವುದು ಕಂಡರೆ ಕೆಳಗಿಳಿಯುವ ಲೆಕ್ಕ ಹಾಕಿ. ಮಧ್ಯಾಹ್ನ 1ರೊಳಗೆ ಪಾಸ್ ದಾಟಿರುವುದು ನಿಯಮವಾಗಿರಲಿ. ಸಿಕ್ಕಿಬಿದ್ದರೆ ಏಣು, ಒಂಟಿ ಬಂಡೆ, ಕಂಬಗಳಿಂದ ದೂರ ಹೋಗಿ. ಕೋಲು, ಸೈಕಲ್ ಬೇರೆ ಕಡೆ ಇಡಿ. ಚೀಲದ ಮೇಲೆ ಪಾದ ಜೋಡಿಸಿ ಕುಕ್ಕುರುಗಾಲಲ್ಲಿ ಕೂರಿ, ಮಲಗಬೇಡಿ.

ಹಸುಗಳನ್ನು ಹಗುರವಾಗಿ ನೋಡಬೇಡಿ. ಕರು ಜೊತೆಗಿರುವ ತಾಯಿ ಹಸು ಅಲ್ಲಿ ಅಟ್ಟಿಸಿಕೊಂಡು ಬರುತ್ತದೆ. ನಮ್ಮ ಬೀದಿಯ ಹಸು ಅಂದುಕೊಂಡು ಮುಟ್ಟಲು ಹೋಗದೆ ದೂರದಿಂದ ಸುತ್ತು ಹಾಕಿ. ಹುಲ್ಲುಗಾವಲಿನ ಗೇಟು ತೆರೆದರೆ ಮುಚ್ಚಿಯೇ ಮುಂದೆ ಹೋಗಿ. ಈ ಭಾಗ ಸ್ವಿಸ್ ಸೈನ್ಯದ ತರಬೇತಿ ಜಾಗವೂ ಹೌದು. ಗುಂಡು ಹಾರಿಸುವ ಅಭ್ಯಾಸದ ಸೂಚನೆ ಕಂಡರೆ ನಿಂತು ಓದಿ, ಆ ದಾರಿ ಬಿಡಿ.

ತುರ್ತು ಸಂಖ್ಯೆ ಯುರೋಪಿನಾದ್ಯಂತ 112. ಸ್ವಿಟ್ಜರ್ಲೆಂಡ್‌ನ ವಾಯು ರಕ್ಷಣಾ ಸಂಸ್ಥೆ ರೇಗಾದ ಸಂಖ್ಯೆ 1414. ಫುರ್ಕಾದ ಪಶ್ಚಿಮಕ್ಕೆ ವಲೈ ಪ್ರಾಂತ್ಯ, ಅಲ್ಲಿ 144. ಫೋನ್ ಸಿಗದಿದ್ದರೆ ನಿಮಿಷಕ್ಕೆ ಆರು ಸಲ ಸೀಟಿ ಅಥವಾ ಟಾರ್ಚ್, ಒಂದು ನಿಮಿಷ ಬಿಡುವು, ಮತ್ತೆ ಆರು. ನಿಮಿಷಕ್ಕೆ ಮೂರು ಸಲ ಉತ್ತರ ಬಂದರೆ ಯಾರಿಗೋ ಕೇಳಿಸಿದೆ ಅಂತ ಅರ್ಥ.

ಊಟ, ತಂಗುವುದು

ಸಸ್ಯಾಹಾರಿಗಳಿಗೆ ಕಷ್ಟವಿಲ್ಲ, ಆದರೆ ಕೇಳಿ ತಿನ್ನಬೇಕು. ರೋಸ್ಟಿ ಅನ್ನುವ ಆಲೂಗಡ್ಡೆ ತಿಂಡಿ, ಆಲೂ-ಮ್ಯಾಕರೋನಿ-ಚೀಸ್ ಬೆರೆಸಿದ ಎಲ್ಪ್ಲರ್‌ಮಗ್ರೋನೆನ್ ಹೊಟ್ಟೆ ತುಂಬಿಸುತ್ತವೆ. ಎರಡರಲ್ಲೂ ಹಂದಿ ಮಾಂಸದ ಚೂರು ಇರಬಹುದು. ಸೂಪಿನ ಸಾರಿಗೂ ಮಾಂಸ ಬಳಸಿರಬಹುದು. ಬೆಟ್ಟದ ಗುಡಿಸಲುಗಳಲ್ಲಿ ಕಾಯ್ದಿರಿಸುವಾಗಲೇ ಸಸ್ಯಾಹಾರಿ ಅಂತ ಹೇಳಿ. ಸ್ವಿಸ್ ಆಲ್ಪೈನ್ ಕ್ಲಬ್‌ಗೆ ಇಂಥ ಸುಮಾರು 150 ಗುಡಿಸಲುಗಳಿವೆ. ಸಾಲು ಹಾಸಿಗೆಯ ಕೋಣೆ, ಒಂದೇ ಹೊತ್ತಿಗೆ ಎಲ್ಲರಿಗೂ ರಾತ್ರಿ ಊಟ. ಒಳಹೊದಿಕೆಯ ಚೀಲ ನಿಮ್ಮದೇ ತರಬೇಕು. ನಗದೂ ಇಟ್ಟುಕೊಂಡಿರಿ.

ಊರಿಂದ ಅವಲಕ್ಕಿ, ಚಟ್ನಿಪುಡಿ, ಕಡಲೆ ಚಿಕ್ಕಿ, ಖರ್ಜೂರ ತನ್ನಿ. ಏರಿನಲ್ಲಿ ಮುಕ್ಕಾಲು ಗಂಟೆಗೊಮ್ಮೆ ಸ್ವಲ್ಪ ತಿನ್ನಲು ಚಿಕ್ಕಿಯಂಥದ್ದು ಬೇರೆ ಇಲ್ಲ. ತುಪ್ಪ, ಪೇಡ ತರಬೇಡಿ. ಯುರೋಪಿನ ಹೊರಗಿನಿಂದ ಹಾಲು, ಮಾಂಸದ ಪದಾರ್ಥ ತರುವುದು ನಿಷಿದ್ಧ. ಊರ ನಲ್ಲಿಗಳ ನೀರು ಕುಡಿಯಬಹುದು, "ಕೈನ್ ಟ್ರಿಂಕ್‌ವಾಸರ್" ಅಂತ ಬರೆದಿದ್ದರೆ ಮಾತ್ರ ಬೇಡ. ಸಣ್ಣ ಊರಿನ ಅಂಗಡಿಗಳು ಭಾನುವಾರ ಹೆಚ್ಚಾಗಿ ಮುಚ್ಚಿರುತ್ತವೆ, ಶನಿವಾರವೇ ಕೊಂಡಿಡಿ.

ಮುಂದಿನ ಸಲಕ್ಕೆ

ಆಂಡರ್ಮಾಟ್ ಸುತ್ತಲೇ ಇನ್ನಷ್ಟು ನಡೆಯಬೇಕೆನಿಸಿದರೆ ನಾಲ್ಕು ಮೂಲಗಳ ದಾರಿ ಇದೆ. 85 ಕಿ.ಮೀ., ಐದು ಹಂತ, ನಾಲ್ಕೂ ನದಿಗಳ ಹುಟ್ಟನ್ನು ಮುಟ್ಟಿಸುತ್ತದೆ. ಸೈಕಲ್ ಹುಚ್ಚು ಹಿಡಿದವರಿಗೆ ಇಟಲಿಯ ಸ್ಟೆಲ್ವಿಯೋ, 2757 ಮೀ. ಪ್ರಾಟೋ ಕಡೆಯಿಂದ 48 ತಿರುವು. ವರ್ಷಕ್ಕೊಂದು ದಿನ ಅಲ್ಲಿ ಮೋಟಾರು ವಾಹನ ನಿಲ್ಲಿಸಿ ಸೈಕಲ್‌ಗೇ ರಸ್ತೆ ಬಿಡುತ್ತಾರೆ, ಆ ದಿನಾಂಕ ನೋಡಿಕೊಂಡು ಹೋಗಿ. ಇತಿಹಾಸ ಬೇಕಾದವರಿಗೆ ಗ್ರೇಟ್ ಸೇಂಟ್ ಬರ್ನಾರ್ಡ್, 2469 ಮೀ. ಸಾವಿರ ವರ್ಷದ ಹತ್ತಿರದಿಂದ ಅಲ್ಲಿನ ಧರ್ಮಶಾಲೆಯ ಸನ್ಯಾಸಿಗಳು ದಾರಿಹೋಕರಿಗೆ ಆಶ್ರಯ ಕೊಡುತ್ತಿದ್ದಾರೆ.

ಬರೀ ನಡಿಗೆಯವರಿಗೆ ನಾನು ಹೇಳುವುದು ಗೆಮ್ಮಿ ಪಾಸ್. ವಾಹನದ ರಸ್ತೆ ಇಲ್ಲ. ಕಾಂಡರ್‌ಸ್ಟೆಗ್ ಕಡೆಯಿಂದ ಕೇಬಲ್ ಕಾರಿನಲ್ಲಿ ಸುನ್‌ಬ್ಯೂಲ್‌ವರೆಗೆ ಹೋಗಿ, ಡೌಬೆನ್ ಕೆರೆಯ ದಂಡೆ ಹಿಡಿದು ನಡೆದರೆ ಪಾಸ್. ಅಲ್ಲಿಂದ ಬಂಡೆಯ ಗೋಡೆಯಲ್ಲಿ ಕಡಿದ ದಾರಿ ಲಾಯ್ಕರ್‌ಬಾಡ್‌ಗೆ ಇಳಿಯುತ್ತದೆ. ತಲೆ ತಿರುಗುವವರಿಗೆ ಈ ಇಳಿತಕ್ಕೂ ಕೇಬಲ್ ಕಾರ್ ಇದೆ. ಲಾಯ್ಕರ್‌ಬಾಡ್‌ನಲ್ಲಿ ಬಿಸಿನೀರಿನ ಬುಗ್ಗೆಯ ಕೊಳಗಳಿವೆ. ಈಜುಡುಗೆಯನ್ನು ಚೀಲದ ಮೇಲ್ಭಾಗದಲ್ಲೇ ಇಟ್ಟುಕೊಂಡಿರಿ.